ದೀಪಾವಳಿ ಅಮಾವಾಸ್ಯೆ ಆಶ್ವಯುಜದ್ದೋ ಕಾರ್ತಿಕದ್ದೋ? ಪರೀಕ್ಷೆಗೆ ಹಬ್ಬಗಳನ್ನು ಹೇಗೆ ಓದುತ್ತೀರಿ?

ಸಪ್ತಾಪುರದ ಓದುಗ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಡಿಒ, ಕೆಎಎಸ್ ಅಂತ ಯಾವುದಕ್ಕೆ ಅರ್ಜಿ ಕರೆದರೂ ಹಾಕುವ ಗುಂಪಿನಲ್ಲಿ ನಾನೂ ಒಬ್ಬ. ಒಂದು ತಲೆನೋವು ಇದೆ, ಬಗೆಹರಿಸಿ.

ನನ್ನ ಹತ್ತಿರ ಇರುವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ದೀಪಾವಳಿ ಆಶ್ವಯುಜ ಅಮಾವಾಸ್ಯೆ ಅಂತ ಇದೆ. ಲೈಬ್ರರಿಯಲ್ಲಿ ಇನ್ನೊಂದು ಗೈಡ್ ಸಿಕ್ಕಿತು, ಹಿಂದಿಯಿಂದ ಕನ್ನಡಕ್ಕೆ ತಂದದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ, ಅದರಲ್ಲಿ ಕಾರ್ತಿಕ ಅಮಾವಾಸ್ಯೆ. ಶಿವರಾತ್ರಿ ಒಂದರಲ್ಲಿ ಮಾಘ, ಇನ್ನೊಂದರಲ್ಲಿ ಫಾಲ್ಗುಣ. ಕೃಷ್ಣಾಷ್ಟಮಿ ಒಂದರಲ್ಲಿ ಶ್ರಾವಣ, ಇನ್ನೊಂದರಲ್ಲಿ ಭಾದ್ರಪದ. ಎರಡೂ ಆಯ್ಕೆ ಕೊಟ್ಟುಬಿಟ್ಟರೆ ಯಾವುದಕ್ಕೆ ಟಿಕ್ ಹಾಕಬೇಕು? ತಪ್ಪಾದರೆ ಕಾಲು ಅಂಕ ಹೋಗುತ್ತದೆ. ರೂಮ್‌ಮೇಟ್ "ಬಿಟ್ಟುಬಿಡು ಮಾರಾಯ" ಅನ್ನುತ್ತಾನೆ. ನನಗೆ ಬಿಡೋಕೆ ಮನಸ್ಸಿಲ್ಲ.

ಇನ್ನೊಂದು, ಯುಗಾದಿ ಅಂದರೆ ಚೈತ್ರದ ಮೊದಲ ದಿನ ಅಲ್ವಾ? ಹಾಗಾದರೆ ಚೈತ್ರ 1 ಅಂದರೆ ಮಾರ್ಚ್ 22 ಅಂತ ಯಾಕೆ ಉತ್ತರ ಕೊಡುತ್ತಾರೆ? 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತಲ್ಲ.

ಮತ್ತೆ ಈ "ಹಬ್ಬಗಳ ಮಹತ್ವ" ಅನ್ನೋ ಅಧ್ಯಾಯ ಓದಿದರೆ ಎಲ್ಲಾ ಹಬ್ಬಕ್ಕೂ ಒಂದೇ ಸಾಲು: ಕೆಟ್ಟದ್ದರ ಮೇಲೆ ಒಳ್ಳೆಯದರ ಗೆಲುವು. ದಸರಾಕ್ಕೂ ಅದೇ, ದೀಪಾವಳಿಗೂ ಅದೇ, ಹೋಳಿಗೂ ಅದೇ. ಇದನ್ನು ಪ್ರಬಂಧದಲ್ಲಿ ಬರೆದರೆ ಯಾರು ಅಂಕ ಕೊಡುತ್ತಾರೆ?

ಕೊನೆಗೆ, ಓದಿಗೆ ಸಂಬಂಧವಿಲ್ಲದ ಪ್ರಶ್ನೆ. ಎಳ್ಳಮಾವಾಸ್ಯೆ ಹತ್ತಿರ ಬಂತು. ಅವ್ವ ಫೋನ್ ಮೇಲೆ ಫೋನ್ ಮಾಡುತ್ತಿದ್ದಾಳೆ. ಹೋಗಲೋ, ಇಲ್ಲೇ ಕೂತು ಓದಲೋ?

ಪಂಚಾಂಗದ ಹುಚ್ಚ

ಗೆಳೆಯ, ಎರಡೂ ಪುಸ್ತಕ ಸರಿ. ಅದೇ ಇದರ ಗಮ್ಮತ್ತು.

ನಮ್ಮ ಕಡೆ, ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗುಜರಾತ್ ಇಲ್ಲೆಲ್ಲಾ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಇದಕ್ಕೆ ಅಮಾಂತ ಅನ್ನುತ್ತಾರೆ. ಮೊದಲು ಚಂದ್ರ ಬೆಳೆಯುವ ಶುಕ್ಲ ಪಕ್ಷ, ಆಮೇಲೆ ಚಂದ್ರ ಕರಗುವ ಕೃಷ್ಣ ಪಕ್ಷ. ಉತ್ತರದಲ್ಲಿ, ಅಂದರೆ ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನದ ಕಡೆ ತಿಂಗಳು ಮುಗಿಯುವುದು ಹುಣ್ಣಿಮೆಗೆ. ಅದು ಪೂರ್ಣಿಮಾಂತ. ಅಲ್ಲಿ ಕೃಷ್ಣ ಪಕ್ಷವೇ ಮೊದಲು.

ಈಗ ಗಮನಿಸಿ. ಶುಕ್ಲ ಪಕ್ಷದ ಹದಿನೈದು ದಿನಕ್ಕೆ ಎರಡೂ ಕಡೆ ಒಂದೇ ತಿಂಗಳ ಹೆಸರು. ಜಗಳ ಇರುವುದು ಕೃಷ್ಣ ಪಕ್ಷದಲ್ಲಿ ಮಾತ್ರ. ನಾವು ಆಶ್ವಯುಜ ಕೃಷ್ಣ ಅನ್ನುವ ಹದಿನೈದು ದಿನವನ್ನು ಅವರು ಕಾರ್ತಿಕ ಕೃಷ್ಣ ಅನ್ನುತ್ತಾರೆ. ದಿನ ಅದೇ, ಚಂದ್ರ ಅದೇ, ಪಟಾಕಿನೂ ಅದೇ. ಹಾಗಾಗಿ ಯುಗಾದಿ, ರಾಮನವಮಿ, ನಾಗರ ಪಂಚಮಿ, ಗಣೇಶ ಚೌತಿ, ವಿಜಯದಶಮಿ ಇವುಗಳಲ್ಲಿ ಯಾವ ಗೈಡ್‌ನಲ್ಲೂ ವ್ಯತ್ಯಾಸ ಸಿಗುವುದಿಲ್ಲ, ಎಲ್ಲವೂ ಶುಕ್ಲ ಪಕ್ಷ. ಗೊಂದಲ ಬರುವುದು ಕೃಷ್ಣಾಷ್ಟಮಿ, ನರಕ ಚತುರ್ದಶಿ, ದೀಪಾವಳಿ ಅಮಾವಾಸ್ಯೆ, ಶಿವರಾತ್ರಿಯಲ್ಲಿ. ನೀವು ಕೊಟ್ಟ ಮೂರೂ ಉದಾಹರಣೆ ಕೃಷ್ಣ ಪಕ್ಷದವೇ, ನೋಡಿ. ಬಲಿಪಾಡ್ಯಮಿಗೆ ಬಂದರೆ ಮತ್ತೆ ಎರಡೂ ಕಡೆಯವರು ಒಂದಾಗುತ್ತಾರೆ, ಅದು ಕಾರ್ತಿಕ ಶುಕ್ಲ ಪಾಡ್ಯ.

ಕೆಪಿಎಸ್‌ಸಿ, ಕೆಇಎ ನಡೆಸುವ ರಾಜ್ಯದ ಪರೀಕ್ಷೆ ಆದರೆ ನಮ್ಮ ಪದ್ಧತಿಯನ್ನೇ ಹಿಡಿಯಿರಿ. ಕೇಂದ್ರದ ಪರೀಕ್ಷೆ ಆದರೆ ಪ್ರಶ್ನೆಯಲ್ಲಿ ಯಾವ ಪದ್ಧತಿ ಅಂತ ಸುಳಿವು ಇದೆಯಾ ನೋಡಿ. ಸುಳಿವು ಇಲ್ಲದೆ ಎರಡೂ ತಿಂಗಳನ್ನು ಆಯ್ಕೆಯಲ್ಲಿ ಕೊಟ್ಟರೆ ಅದು ತಪ್ಪು ಪ್ರಶ್ನೆ. ತಾತ್ಕಾಲಿಕ ಕೀ ಉತ್ತರ ಬಿಟ್ಟಾಗ ಸರ್ಕಾರಿ ಪಠ್ಯಪುಸ್ತಕದ ಪುಟ ಲಗತ್ತಿಸಿ ಆಕ್ಷೇಪಣೆ ಹಾಕಿ. ಸುಮ್ನೆ ಟೆಲಿಗ್ರಾಂ ಗುಂಪಿನಲ್ಲಿ ಬೈದುಕೊಂಡು ಕೂರಬೇಡಿ.

ಯುಗಾದಿ ಮತ್ತು ಮಾರ್ಚ್ 22 ಬೇರೆ ಬೇರೆ ಕಥೆ. ಯುಗಾದಿ ಚಾಂದ್ರಮಾನದ ಹಬ್ಬ, ಚೈತ್ರ ಶುಕ್ಲ ಪಾಡ್ಯ. ಮಾರ್ಚ್ 22 ಅನ್ನುವುದು ಭಾರತದ ರಾಷ್ಟ್ರೀಯ ಪಂಚಾಂಗದ ಚೈತ್ರ 1. ಖಗೋಳ ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1952ರಲ್ಲಿ ರಚನೆಯಾಗಿ, ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಇದು ಜಾರಿಗೆ ಬಂತು. ಪೂರ್ತಿ ಸೂರ್ಯನ ಲೆಕ್ಕ. ತಿಂಗಳ ಹೆಸರು ಮಾತ್ರ ನಮ್ಮ ಹಳೆಯವು. ಫೆಬ್ರವರಿಗೆ 29 ದಿನ ಇರುವ ಅಧಿಕ ವರ್ಷದಲ್ಲಿ ಚೈತ್ರ 1 ಮಾರ್ಚ್ 21ಕ್ಕೆ ಬರುತ್ತದೆ. ಯುಪಿಎಸ್‌ಸಿ 2014ರ ಪ್ರಿಲಿಮ್ಸ್‌ನಲ್ಲಿ ಇದನ್ನೇ ನೇರವಾಗಿ ಕೇಳಿದ್ದರು. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೇ ಬಿದ್ದು ಇನ್ನಷ್ಟು ಜನ ದಾರಿ ತಪ್ಪಿದರು. ಅದು ಕಾಕತಾಳೀಯ, ಅಷ್ಟೇ.

ಆ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ, ಮಜಾ ಇದೆ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಸೌರ ವರ್ಷಕ್ಕೆ 365. ಹಾಗಾಗಿ ಹಬ್ಬ ವರ್ಷವರ್ಷ 10-11 ದಿನ ಹಿಂದೆ ಸರಿಯುತ್ತದೆ. ಹಾಗೇ ಬಿಟ್ಟರೆ ದೀಪಾವಳಿ ಮಳೆಗಾಲಕ್ಕೆ ಬಂದುಬಿಡುತ್ತದೆ. ಅದಕ್ಕೇ ಸುಮಾರು 32-33 ತಿಂಗಳಿಗೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. ಯಾವ ಚಾಂದ್ರ ತಿಂಗಳಲ್ಲಿ ಸಂಕ್ರಮಣವೇ ಇಲ್ಲವೋ, ಅಂದರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವುದೇ ಇಲ್ಲವೋ, ಅದು ಅಧಿಕ. 2023ರಲ್ಲಿ ಅಧಿಕ ಶ್ರಾವಣ ಇತ್ತು, ಅದಕ್ಕೇ 2024ರ ಯುಗಾದಿ ಏಪ್ರಿಲ್‌ಗೆ ಹಾರಿದ್ದು. 2026ರಲ್ಲಿ ಅಧಿಕ ಜ್ಯೇಷ್ಠ ಇದೆ. ಇಸ್ಲಾಮಿಕ್ ಪಂಚಾಂಗದಲ್ಲಿ ಅಧಿಕ ಮಾಸ ಇಲ್ಲ, ಹಾಗಾಗಿ ಮೊಹರಂ, ರಂಜಾನ್ ಎಲ್ಲಾ ಋತುಗಳನ್ನೂ ಸುತ್ತಿಕೊಂಡು ಬರುತ್ತವೆ. ಈ ಒಂದು ಪ್ಯಾರಾ ತಲೆಯಲ್ಲಿ ಕೂತರೆ ಹಬ್ಬದ ಅರ್ಧ ಪ್ರಶ್ನೆಗಳು ಮುಗಿದವು.

ಮೈನಸ್ ಕಾಲು

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೂ ನಾನು ರೂಮ್‌ಮೇಟ್ ಪರ. ಒಂದು ಪತ್ರಿಕೆಯಲ್ಲಿ ಹಬ್ಬದ ಮೇಲೆ ಒಂದೋ ಎರಡೋ ಪ್ರಶ್ನೆ ಬಂದರೆ ಹೆಚ್ಚು. ಅದಕ್ಕೆ ವಾರಗಟ್ಟಲೆ ಕೊಡಬೇಕಾ? ಆ ಹೊತ್ತಿನಲ್ಲಿ ಸಂವಿಧಾನ ಇನ್ನೊಂದು ಸಲ ತಿರುವಿ ಹಾಕಬಹುದು.

ಬಂದರೂ ಹೇಗೆ ಬರುತ್ತವೆ ನೋಡಿ. 2017ರ ಯುಪಿಎಸ್‌ಸಿಯಲ್ಲಿ ಚಾಲಿಹಾ ಸಾಹಿಬ್, ನಂದಾ ರಾಜ್ ಜಾತ್, ವಾರಿ-ವಾರಕರಿ ಕೊಟ್ಟು ಯಾವ ಸಮುದಾಯದ್ದು ಅಂತ ಹೊಂದಿಸಿ ಅಂದರು. ಸಿಂಧಿಗಳ ಚಾಲಿಹಾ ಸಾಹಿಬ್ ಒಂದೇ ಸರಿ. ವಾರಕರಿಗಳನ್ನು ಪೂರ್ವ ಭಾರತದ ಸಂತಾಲ ಬುಡಕಟ್ಟಿಗೆ ಜೋಡಿಸಿದ್ದರು! ಪಂಢರಪುರದ ವಿಠ್ಠಲನಿಗೆ ಆಷಾಢದಲ್ಲಿ ನಡೆದುಕೊಂಡು ಹೋಗುವ ಜನ ನಮ್ಮ ಬೆಳಗಾವಿ, ವಿಜಯಪುರದ ಕಡೆಯವರಿಗೆ ಗೊತ್ತೇ ಇರುತ್ತಾರೆ, ಹಾಗಾಗಿ ಅದು ತಪ್ಪು ಅಂತ ಆ ಕಡೆಯ ಹುಡುಗರಿಗೆ ಓದದೇ ಹೊಳೆಯುತ್ತದೆ. 2018ರಲ್ಲಿ ಮಿಜೋರಾಂನ ಚಪ್ಚಾರ್ ಕುಟ್. ಅಂದರೆ ನೀವು ತಲೆಕೆಡಿಸಿಕೊಂಡಿರುವ ತಿಥಿ, ಪಕ್ಷ ಯಾರೂ ಕೇಳುವುದಿಲ್ಲ, ಊರು ಮತ್ತು ಜನ ಕೇಳುತ್ತಾರೆ.

ನಮ್ಮ ರಾಜ್ಯದ್ದು ಬೇಕಾದರೆ ದಸರಾ ಒಂದನ್ನು ಗಟ್ಟಿ ಮಾಡಿಕೊಳ್ಳಿ. 1610ರಲ್ಲಿ ರಾಜ ಒಡೆಯರು ಶುರು ಮಾಡಿದ್ದು ಶ್ರೀರಂಗಪಟ್ಟಣದಲ್ಲಿ, ಮೈಸೂರಿನಲ್ಲಿ ಅಲ್ಲ. ಆಯ್ಕೆಯಲ್ಲಿ ಎರಡೂ ಇದ್ದೇ ಇರುತ್ತವೆ. ಅದಕ್ಕೂ ಮೊದಲು ವಿಜಯನಗರದ ಮಹಾನವಮಿ. ಎರಡನೇ ದೇವರಾಯನ ಕಾಲದಲ್ಲಿ ಬಂದವನು ಅಬ್ದುಲ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದವನು ಡೊಮಿಂಗೊ ಪಾಯಸ್. ಇಬ್ಬರನ್ನೂ ಅದಲು ಬದಲು ಮಾಡಿ ಕೇಳುತ್ತಾರೆ. ಯುನೆಸ್ಕೋ ಪಟ್ಟಿಯಲ್ಲಿ ಕುಂಭಮೇಳ 2017, ಕೋಲ್ಕತ್ತಾದ ದುರ್ಗಾ ಪೂಜೆ 2021, ಗರ್ಬಾ 2023, ದೀಪಾವಳಿ 2025. ಮುಗಿಯಿತು. ಮುಂದಿನ ವಿಷಯಕ್ಕೆ ಹೋಗಿ.

ಲಟ್ಟಣಿಗೆ

"ಮುಗಿಯಿತು, ಮುಂದಿನ ವಿಷಯಕ್ಕೆ ಹೋಗಿ" ಅಂತ ಹೇಳುವವರೆಲ್ಲ ಗಂಡುಮಕ್ಕಳೇ ಇರಬೇಕು ಅನಿಸಿತು, ಬೇಜಾರು ಮಾಡ್ಕೋಬೇಡಿ 🙂

ಊರಿಗೆ ಹೋಗಲೋ ಬೇಡವೋ ಅನ್ನುವ ಪ್ರಶ್ನೆ ನಿಮಗೆ ಒಂಥರಾ, ನಮಗೆ ಇನ್ನೊಂಥರಾ. ಅಣ್ಣ ಹಬ್ಬಕ್ಕೆ ಮನೆಗೆ ಹೋದರೆ "ಓದಿ ಓದಿ ಸೊರಗಿದ್ದಾನೆ" ಅಂತ ಎರಡು ಹೋಳಿಗೆ ಜಾಸ್ತಿ ಬಡಿಸುತ್ತಾರೆ. ನಾನು ಹೋದರೆ ಆ ಹೋಳಿಗೆ ಲಟ್ಟಿಸುವುದೇ ನಾನು. ಹಿಂದಿನ ದಿನ ಮನೆ ಸಾರಿಸು, ಬೇಳೆ ಕುದಿಸು, ಹೂರಣ ರುಬ್ಬು. ಮಾರನೇ ದಿನ ಪಾತ್ರೆ. ಮಧ್ಯದಲ್ಲಿ ಬಂದ ಅತ್ತೆ, ಚಿಕ್ಕಮ್ಮಂದಿರ ಪ್ರಶ್ನೆ: "ಇನ್ನೂ ಎಷ್ಟು ವರ್ಷ ಓದ್ತೀಯವ್ವ, ಗಂಡು ನೋಡೋಣೇನು?" ಪ್ರಶ್ನೆ ಪತ್ರಿಕೆಗಿಂತ ಇದೇ ಕಷ್ಟ. ಹಾಗಂತ ಹೋಗಲೇ ಇಲ್ಲ ಅಂದರೆ "ಈಗ್ಲೇ ಸಾಹೇಬ್ರಾಗಿಬಿಟ್ಟಳು" ಅಂತ ಮಾತು.

ಅದಿರಲಿ. ನಿಮ್ಮ ಪ್ರಬಂಧದ ಪ್ರಶ್ನೆಗೆ ಹೇಳುತ್ತೇನೆ. "ಹಬ್ಬಗಳ ವೈಜ್ಞಾನಿಕ ಕಾರಣ" ಅಂತ ವಾಟ್ಸಾಪ್‌ನಲ್ಲಿ ಬರುವುದನ್ನು ಮಾತ್ರ ಬರೆಯಬೇಡಿ, ಪುಣ್ಯ ಬರುತ್ತದೆ. ತೋರಣ ಕಟ್ಟಿದರೆ ಆಮ್ಲಜನಕ, ಗಂಟೆ ಹೊಡೆದರೆ ಕ್ರಿಮಿನಾಶ. ನಮ್ಮ ಕೋಚಿಂಗ್ ಸೆಂಟರ್‌ನ ನೋಟ್ಸ್‌ನಲ್ಲಿ ಇಂಥವು ಪುಟಗಟ್ಟಲೆ ಇದ್ದವು. ಮೌಲ್ಯಮಾಪಕರು ಅದನ್ನೇ ನೂರು ಪತ್ರಿಕೆಯಲ್ಲಿ ಓದಿ ಸುಸ್ತಾಗಿರುತ್ತಾರೆ. ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ, ಯಾವ ಕಾಲಕ್ಕೆ ಮಾಡುತ್ತಾರೆ, ಯಾರು ಮಾಡುತ್ತಾರೆ ಅಂತ ನೋಡಿ ಬರೆಯಿರಿ. ಉಪವಾಸ ಯಾರು ಇರುತ್ತಾರೆ, ವ್ರತ ಯಾರಿಗೋಸ್ಕರ ಮಾಡುತ್ತಾರೆ ಅನ್ನುವುದನ್ನೂ ಸೇರಿಸಿ. ಮಹಿಳೆ ಮತ್ತು ಸಮಾಜ ಅಂತ ಪ್ರಬಂಧ ಬಂದರೆ ಅದೇ ವಿಷಯ ಅಲ್ಲೂ ಕೆಲಸಕ್ಕೆ ಬರುತ್ತದೆ.

ಕಪ್ಪುಮಣ್ಣು

ಈಗ ಒಂದು ಸಣ್ಣ ಸರ್ಕಾರಿ ಕೆಲಸದಲ್ಲಿ ಇದ್ದೇನೆ, ಕಲಬುರಗಿ ಕಡೆಯವನು. ಎಳ್ಳಮಾವಾಸ್ಯೆ ಅಂತ ನೋಡಿ ಬರೆಯದೇ ಇರೋಕೆ ಆಗಲಿಲ್ಲ.

ತಮ್ಮಾ, ಹೋಗಿ ಬಾ. ಪರೀಕ್ಷೆಗೋಸ್ಕರನೇ ಹೋಗು ಅಂತ ಬೇಕಾದರೆ ಅವ್ವನಿಗೆ ಹೇಳು.

ಹೊಲದಲ್ಲಿ ಆವತ್ತು ಏನಿರುತ್ತದೆ ಅಂತ ಕಣ್ಣು ಬಿಟ್ಟು ನೋಡು. ಬಿಳಿಜೋಳ ಆಳೆತ್ತರ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟುತ್ತಿರುತ್ತದೆ, ಕುಸುಬೆ ಮುಳ್ಳು ಕಾಲಿಗೆ ಚುಚ್ಚುತ್ತದೆ. ಇದೆಲ್ಲಾ ಹಿಂಗಾರಿ ಬೆಳೆ. ಮಳೆ ನಿಂತ ಮೇಲೆ ಬಿತ್ತಿ, ಕಪ್ಪುಮಣ್ಣು ಹಿಡಿದಿಟ್ಟ ತೇವ ಮತ್ತು ಚಳಿಯ ಇಬ್ಬನಿ ಮೇಲೆ ಬೆಳೆಯುವ ಬೆಳೆ. ಪುಸ್ತಕದಲ್ಲಿ "ರಾಬಿ, ಕಪ್ಪು ಮಣ್ಣಿನ ತೇವಾಂಶ ಧಾರಣ ಶಕ್ತಿ" ಅಂತ ಬಾಯಿಪಾಠ ಮಾಡುತ್ತೇವಲ್ಲ, ಅದು ಇದೇ. ಜೋಳದ ದಂಟನ್ನು ಕೂಡಿಸಿ ಕಟ್ಟಿ ಸಣ್ಣ ಗುಡಿಸಲು ಮಾಡಿ, ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜೆ ಮಾಡುತ್ತಾರೆ. ಭೂತಾಯಿ ಬಸಿರಿ, ಅವಳಿಗೆ ಬಯಕೆ ಊಟ. ಸಜ್ಜೆ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಜೊತೆಗೆ ಭಜ್ಜಿ, ಆ ಕಾಲಕ್ಕೆ ಸಿಗುವ ಸೊಪ್ಪು, ಹಸಿ ಕಾಳು ಎಲ್ಲಾ ಬಿದ್ದ ಪಲ್ಯ. ಒಬ್ಬರು ಚರಗ, ಅಂದರೆ ನೈವೇದ್ಯದ ಅನ್ನ, ಚೆಲ್ಲುತ್ತಾ ಮುಂದೆ, ಇನ್ನೊಬ್ಬರು ನೀರು ಚಿಮುಕಿಸುತ್ತಾ ಹಿಂದೆ, ಹೊಲದ ಸುತ್ತ ಒಂದು ಸುತ್ತು. ಕೂಗುವ ಮಾತು ಊರಿಂದ ಊರಿಗೆ ಬೇರೆ. ಆ ಅನ್ನ ಹಕ್ಕಿಗೆ, ಇರುವೆಗೆ, ಹುಳಕ್ಕೆ. ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲಾ ಕರೆದು ಉಣ್ಣಿಸುತ್ತಾರೆ, ಹೊಲ ಇಲ್ಲದವರನ್ನೂ.

ಇದರ ಜೋಡಿ ಮಲೆನಾಡಿನಲ್ಲಿ ಇದೆ. ಭೂಮಿ ಹುಣ್ಣಿಮೆ, ನಮ್ಮ ಕಡೆ ಅದೇ ದಿನಕ್ಕೆ ಶೀಗಿ ಹುಣ್ಣಿಮೆ ಅನ್ನುತ್ತಾರೆ, ಆಶ್ವಯುಜದ ಹುಣ್ಣಿಮೆ. ಅಲ್ಲಿ ಆಗ ಭತ್ತ ತೆನೆ ಕಟ್ಟುವ ಹೊತ್ತು, ಹಾಗಾಗಿ ಅಲ್ಲಿ ಭತ್ತದ ಗದ್ದೆಗೆ ಸೀಮಂತ. ನಮ್ಮಲ್ಲಿ ಎರಡು ತಿಂಗಳ ಮೇಲೆ ಜೋಳಕ್ಕೆ ಬಯಕೆ ಊಟ. ಬೆಳೆ ಬದಲಾದಾಗ ಹಬ್ಬದ ದಿನವೂ ಬದಲಾಗಿದೆ. ಈ ಒಂದು ಮಾತನ್ನು ಪ್ರಬಂಧದಲ್ಲಿ ಉದಾಹರಣೆ ಸಮೇತ ಬರೆದರೆ ನಿನ್ನ "ಒಳ್ಳೆಯದರ ಗೆಲುವು" ಸಾಲಿಗಿಂತ ಹತ್ತು ಪಾಲು ಮೇಲು. ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ ಮುಂಗಾರು ಶುರುವಾಗುವ ಹೊತ್ತಿಗೆ ಯಾಕೆ ಬರುತ್ತವೆ, ಎತ್ತಿಗೇ ಯಾಕೆ ಪೂಜೆ, ಯೋಚನೆ ಮಾಡು. ಟ್ರಾಕ್ಟರ್ ಬಂದ ಮೇಲೂ ಮಣ್ಣಿನ ಎತ್ತು ಮಾಡುತ್ತಾರಲ್ಲ, ಅದನ್ನೂ ಸೇರಿಸು.

ತುಂಗೆಯ ದಡ

ಕಪ್ಪುಮಣ್ಣು ಸರ್, ನಮ್ಮ ಭೂಮಿ ಹುಣ್ಣಿಮೆ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಒಂದು ಸೇರಿಸುತ್ತೇನೆ. ಅವತ್ತು ಅಡುಗೆ ಹೊತ್ತುಕೊಂಡು ಗದ್ದೆಗೆ ಹೋಗುವ ಭೂಮಣ್ಣಿ ಬುಟ್ಟಿಯ ಮೇಲೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನ ಬಿಳಿ ಗೆರೆಯಲ್ಲಿ ಚಿತ್ತಾರ ಬರೆಯುತ್ತಾರೆ. ದೀವರ ಹೆಂಗಸರ ಕಲೆ ಇದು, ಶಿವಮೊಗ್ಗದ ಸಾಗರ, ಸೊರಬದ ಕಡೆ. "ಚಿತ್ತಾರ ಯಾವ ಸಮುದಾಯದ ಕಲೆ" ಅನ್ನುವುದು ಕೇಳಬಹುದಾದ ಪ್ರಶ್ನೆ.

ಸಂಕ್ರಾಂತಿ ಬಗ್ಗೆ ಯಾರೂ ಹೇಳಲಿಲ್ಲ. ಸಂಕ್ರಾಂತಿಯಿಂದ ಉತ್ತರಾಯಣ ಶುರು ಅಂತ ಎಲ್ಲಾ ಗೈಡ್‌ನಲ್ಲೂ ಇರುತ್ತದೆ. ಭೂಗೋಳದ ಪ್ರಶ್ನೆಯಲ್ಲಿ ಹಾಗೆ ಬರೆದರೆ ತಪ್ಪು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುತ್ತಿರುವುದರಿಂದ ಹಬ್ಬ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಾ ಬಂದಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಆವತ್ತು ಮಕರ ಸಂಕ್ರಾಂತಿ. ಈಗ ರಾಷ್ಟ್ರೀಯ ಯುವ ದಿನ 12ಕ್ಕೆ, ಸಂಕ್ರಾಂತಿ 14 ಅಥವಾ 15ಕ್ಕೆ. ನೆನಪಿಟ್ಟುಕೊಳ್ಳೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಮೈನಸ್ ಕಾಲು ಅವರೇ, ತಿಥಿ ಯಾರೂ ಕೇಳಲ್ಲ ಅಂದಿರಲ್ಲ. ಬಸವ ಜಯಂತಿ ಯಾವ ದಿನ? ಅಕ್ಷಯ ತೃತೀಯ, ವೈಶಾಖ ಶುಕ್ಲ ತದಿಗೆ. ವಾಲ್ಮೀಕಿ ಜಯಂತಿ? ಇದೇ ಶೀಗಿ ಹುಣ್ಣಿಮೆ. ಸರ್ಕಾರಿ ರಜೆ ಪಟ್ಟಿಯೇ ತಿಥಿ ಮೇಲೆ ನಿಂತಿದೆ.

ಮೈನಸ್ ಕಾಲು

ಸರಿ, ಬಸವ ಜಯಂತಿಗೆ ಸೋತೆ ಅನ್ನಲ್ಲ, ಡ್ರಾ ಅನ್ನೋಣ. ಆದರೂ ಸಂವಿಧಾನ ಮೊದಲು. ಮತ್ತೆ ಹಿಂದಿಯಿಂದ ತಂದ ಆ ಗೈಡನ್ನು ವಾಪಸ್ ಕೊಟ್ಟುಬಿಡಿ. ಭಾಷಾಂತರದ ತಪ್ಪಿಗೆ 2024ರ ಆಗಸ್ಟ್‌ನ ಕೆಎಎಸ್ ಪ್ರಿಲಿಮ್ಸ್ ಡಿಸೆಂಬರ್‌ನಲ್ಲಿ ಮತ್ತೆ ಬರೆದ ನಾಡು ಇದು. ಪ್ರಶ್ನೆ ಪತ್ರಿಕೆಯಲ್ಲಿ ಅನುಭವಿಸಿದ್ದು ಸಾಲದು ಅಂತ ಪುಸ್ತಕದಲ್ಲೂ ಅನುಭವಿಸಬೇಕಾ?

ಸಪ್ತಾಪುರದ ಓದುಗ

ಎಲ್ಲರಿಗೂ ಧನ್ಯವಾದ. ಅಮಾಂತ, ಪೂರ್ಣಿಮಾಂತ ಈಗ ಕೂತಿತು. ರೂಮ್‌ಮೇಟ್‌ಗೂ ಓದಿ ಹೇಳಿದೆ, ಅವನು ಕೃಷ್ಣ ಪಕ್ಷದ ಹಬ್ಬಗಳನ್ನು ಗೋಡೆ ಮೇಲೆ ಬರೆದು ಅಂಟಿಸಿದ್ದಾನೆ. ಲಟ್ಟಣಿಗೆ ಅಕ್ಕಾ, ನೀವು ಹೇಳಿದ್ದು ಓದಿ ತಂಗಿಗೆ ಫೋನ್ ಮಾಡಿದೆ. ಅವಳೂ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದಾಳೆ, ಹಬ್ಬದ ಹಿಂದಿನ ದಿನವೇ ಬಂದು ಶೇಂಗಾ ಹುರಿದು ಸಿಪ್ಪೆ ತೆಗೆದು ಕೊಡು ಅಂತ ಕರಾರು ಹಾಕಿದಳು. ಒಪ್ಪಿದ್ದೇನೆ.

ಒಂದು ಉಳಿಯಿತು. ಮಂಗಳೂರು ಕಡೆಯ ಗೆಳೆಯನೊಬ್ಬ ಅವರ ಯುಗಾದಿ ಏಪ್ರಿಲ್ 14ರ ಸುಮಾರಿಗೆ ಅನ್ನುತ್ತಾನೆ. ಅದು ಹೇಗೆ?

ಪಂಚಾಂಗದ ಹುಚ್ಚ

ಅದು ಸೌರಮಾನ ಯುಗಾದಿ. ಸೂರ್ಯ ಮೇಷ ರಾಶಿಗೆ ಬರುವ ಸಂಕ್ರಮಣದ ಲೆಕ್ಕ, ತುಳುನಾಡಿನಲ್ಲಿ ಬಿಸು ಪರ್ಬ. ಕೇರಳದ ವಿಷು, ತಮಿಳರ ಪುತ್ತಾಂಡು, ಪಂಜಾಬಿನ ಬೈಸಾಖಿ, ಅಸ್ಸಾಮಿನ ಬೊಹಾಗ್ ಬಿಹು, ಬಂಗಾಳದ ಪೊಯ್ಲಾ ಬೈಶಾಖ್ ಎಲ್ಲವೂ ಅದೇ ಒಂದೆರಡು ದಿನಗಳಲ್ಲಿ ಬರುತ್ತವೆ. ನಮ್ಮ ಚಾಂದ್ರಮಾನ ಯುಗಾದಿಯ ದಿನ ಮಹಾರಾಷ್ಟ್ರದಲ್ಲಿ ಗುಡಿ ಪಾಡ್ವಾ, ಕಾಶ್ಮೀರಿ ಪಂಡಿತರಿಗೆ ನವ್ರೇಹ್. ಹೊಂದಿಸಿ ಬರೆಯಿರಿ ಪ್ರಶ್ನೆಯಲ್ಲಿ ಈ ಎರಡು ಗುಂಪನ್ನು ಕಲಸಿ ಕೊಡುತ್ತಾರೆ, ಬೇರೆ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಗೋಡೆಯಲ್ಲಿ ಜಾಗ ಇದ್ದರೆ ಅಲ್ಲೇ ಅಂಟಿಸಿ.